ಚಾಲಕನಿಲ್ಲದ ಕಾರು ಆಂಬುಲೆನ್ಸ್‌ಗೆ ದಾರಿ ಬಿಡುತ್ತದೆಯೇ?

ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನದಲ್ಲಿ ‘ವ್ಯವಹಾರ ಪರಿಸರ’ ಎಂಬ ಪಾಠವಿದೆ. ಆರ್ಥಿಕ, ಸಾಮಾಜಿಕ, ತಾಂತ್ರಿಕ, ರಾಜಕೀಯ, ಕಾನೂನು ಎಂಬ ಐದು ಆಯಾಮಗಳನ್ನು ನಾವು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತೇವೆ. ಈ ಐದೂ ಒಟ್ಟಿಗೆ ಕಾಣುವ ಒಂದು ಉದಾಹರಣೆಯನ್ನು ಈ ಲೇಖನಕ್ಕೆ ಆರಿಸಿಕೊಂಡಿದ್ದೇನೆ: ತಾನೇ ಓಡುವ ಕಾರು ಮತ್ತು ತುರ್ತು ವಾಹನ. ‘ಶಿಕಾರಿಪುರ, ಸೊರಬದವರಿಗೆ ಇದು ಯಾಕೆ ಬೇಕು?’ ಎಂದು ಕೇಳುವ ಸ್ನೇಹಿತರು ದಯವಿಟ್ಟು ಕೊನೆಯವರೆಗೆ ಓದಿ.

ಕಾರು ಹೇಗೆ ನೋಡುತ್ತದೆ?

ಇಂಥ ಕಾರುಗಳಲ್ಲಿ ಕ್ಯಾಮೆರಾ, ರಾಡಾರ್ ಮತ್ತು ಲೇಸರ್ ಬೆಳಕಿನಿಂದ ದೂರ ಅಳೆಯುವ ಲೈಡಾರ್ ಇರುತ್ತವೆ. ವೇಮೋ ಕಂಪನಿಯ ಕಾರುಗಳಲ್ಲಿ ಸೈರನ್ ಕೇಳಿಸಿಕೊಳ್ಳಲು ಮೈಕ್ರೋಫೋನ್‌ಗಳೂ ಇವೆ. ಸಿಗ್ನಲ್, ಗೆರೆ, ಎದುರಿನ ವಾಹನ, ಇವೆಲ್ಲ ನಿಯಮದಂತೆ ನಡೆದರೆ ಕಾರಿಗೆ ಕಷ್ಟವಿಲ್ಲ. ಆದರೆ ತುರ್ತು ವಾಹನದ ಕೆಲಸವೇ ನಿಯಮ ಮೀರುವುದು. ಅದು ಕೆಂಪು ದೀಪ ದಾಟುತ್ತದೆ, ಎದುರು ಬದಿಯಲ್ಲಿ ನುಗ್ಗುತ್ತದೆ, ರಸ್ತೆ ಮಧ್ಯೆಯೇ ನಿಲ್ಲುತ್ತದೆ. ತೊಂದರೆ ಶುರುವಾಗುವುದು ಇಲ್ಲಿ.

ಸ್ಯಾನ್ ಫ್ರಾನ್ಸಿಸ್ಕೋದ ಪಾಠ

ಅಮೆರಿಕದ ಈ ನಗರದಲ್ಲಿ 2023ರ ಆಗಸ್ಟ್ 10ರಂದು ಕ್ರೂಸ್ ಮತ್ತು ವೇಮೋ ಕಂಪನಿಗಳಿಗೆ ಹಗಲು ರಾತ್ರಿ ಬಾಡಿಗೆ ಓಡಿಸಲು ಅನುಮತಿ ಸಿಕ್ಕಿತು. ಒಂದೇ ವಾರದಲ್ಲಿ, ಆಗಸ್ಟ್ 17ರ ರಾತ್ರಿ, ಪ್ರಯಾಣಿಕನಿದ್ದ ಕ್ರೂಸ್ ಕಾರೊಂದು ತುರ್ತು ಕರೆಗೆ ಹೊರಟಿದ್ದ ಅಗ್ನಿಶಾಮಕ ವಾಹನಕ್ಕೆ ವೃತ್ತದಲ್ಲಿ ಡಿಕ್ಕಿಯಾಯಿತು. ಕಾರಿಗೆ ಹಸಿರು ದೀಪವಿತ್ತು, ಅಗ್ನಿಶಾಮಕ ವಾಹನ ಎದುರು ಲೇನ್‌ನಲ್ಲಿ ಬರುತ್ತಿತ್ತು. ಅದೇ ವರ್ಷದ ಜನವರಿಯಲ್ಲಿ ಬೆಂಕಿ ಆರಿಸುತ್ತಿದ್ದ ಜಾಗಕ್ಕೆ ನುಗ್ಗಿದ ಇನ್ನೊಂದು ಕಾರನ್ನು ನಿಲ್ಲಿಸಲು ಸಿಬ್ಬಂದಿ ಅದರ ಮುಂದಿನ ಗಾಜನ್ನೇ ಒಡೆಯಬೇಕಾಯಿತು. ಇಂಥ 50ಕ್ಕೂ ಹೆಚ್ಚು ಘಟನೆಗಳನ್ನು ಅಲ್ಲಿನ ಅಗ್ನಿಶಾಮಕ ಇಲಾಖೆ ದಾಖಲಿಸಿತ್ತು.

ಅಕ್ಟೋಬರ್‌ನಲ್ಲಿ ಪಾದಚಾರಿಯೊಬ್ಬರಿಗೆ ಗಂಭೀರ ಗಾಯವಾದ ಮೇಲೆ ಕ್ರೂಸ್‌ನ ಪರವಾನಗಿ ಅಮಾನತಾಯಿತು. 2024ರ ಡಿಸೆಂಬರ್‌ನಲ್ಲಿ ಮಾಲೀಕ ಸಂಸ್ಥೆ ಜನರಲ್ ಮೋಟಾರ್ಸ್ ಈ ಬಾಡಿಗೆ ಕಾರಿನ ಯೋಜನೆಗೆ ಹಣ ಹಾಕುವುದನ್ನೇ ನಿಲ್ಲಿಸಿತು. ವಾಣಿಜ್ಯ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಬಂಡವಾಳ ಎಷ್ಟೇ ಇರಲಿ, ಸಾರ್ವಜನಿಕರ ನಂಬಿಕೆ ಹೋದರೆ ವ್ಯವಹಾರ ನಿಲ್ಲುವುದಿಲ್ಲ.

ನಮ್ಮ ರಸ್ತೆಯ ಭಾಷೆ

ಶಿಕಾರಿಪುರದಿಂದ ಶಿವಮೊಗ್ಗದ ಜಿಲ್ಲಾ ಆಸ್ಪತ್ರೆಗೆ 50 ಕಿಲೋಮೀಟರಿಗೂ ಹೆಚ್ಚು ದಾರಿ. ಸೊರಬ, ಆನವಟ್ಟಿಯವರಿಗೆ ಇನ್ನೂ ದೂರ. ಹಾಗಾಗಿ ನಮಗೆ ರಸ್ತೆಯೇ ಚಿಕಿತ್ಸೆಯ ಮೊದಲ ಭಾಗ.

ಕಳೆದ ವರ್ಷ ಮೆಕ್ಕೆಜೋಳ ಒಣಗಿಸುವ ದಿನಗಳಲ್ಲಿ ನನ್ನ ದಾದಿಯನ್ನು ಆಂಬುಲೆನ್ಸ್‌ನಲ್ಲಿ ಶಿವಮೊಗ್ಗಕ್ಕೆ ಕರೆದೊಯ್ದರು. ನಾನೂ ಜೊತೆಗಿದ್ದೆ. ಅರ್ಧ ರಸ್ತೆಯಲ್ಲಿ ಜೋಳ ಹರಡಿತ್ತು, ಮುಂದೆ ಬಸ್ಸು, ಪಕ್ಕದಲ್ಲಿ ಟ್ರ್ಯಾಕ್ಟರ್. ಬಸ್ಸಿನ ಕಂಡಕ್ಟರ್ ಬಾಗಿಲಿನಿಂದ ಹೊರಗೆ ಬಾಗಿ ‘ಬಾ ಬಾ’ ಎಂದು ಕೈಬೀಸಿದರು. ಜೋಳ ಕಾಯುತ್ತಿದ್ದ ಹೆಂಗಸು ಕಲ್ಲುಗಳನ್ನು ಸರಿಸಿ, ಬಸ್ಸಿಗೆ ಜೋಳದ ಮೇಲೆಯೇ ಹತ್ತಿಸಲು ಸನ್ನೆ ಮಾಡಿದರು. ನಮ್ಮ ಚಾಲಕ ಎರಡು ಸನ್ನೆಗಳನ್ನೂ ಓದಿ ಮುಂದೆ ಹೋದರು. ದಾದಿ ಈಗ ಆರಾಮವಾಗಿದ್ದಾರೆ.

ಇಲ್ಲಿ ಯಾವ ಸಿಗ್ನಲ್ಲೂ ಇರಲಿಲ್ಲ, ಗೆರೆಯೂ ಇರಲಿಲ್ಲ. ಒಬ್ಬರನ್ನೊಬ್ಬರು ಅರ್ಥಮಾಡಿಕೊಂಡದ್ದರಿಂದಲೇ ದಾರಿ ಆಯಿತು. ಯಂತ್ರ ಇಲ್ಲಿಗೆ ಬರಬೇಕಾದರೆ ಈ ಭಾಷೆಯನ್ನೂ ಕಲಿತು ಬರಬೇಕು. ನಮ್ಮ ಮನೆಯ ಉರ್ದುವಿನಲ್ಲಿ ‘ರಸ್ತಾ ದೋ’ ಅಂದರೆ ದಾರಿ ಕೊಡಿ. ಕನ್ನಡದಲ್ಲಿ ‘ದಾರಿ ಬಿಡಿ’ ಎನ್ನುತ್ತೇವೆ. ಕೊಡುವುದಾಗಲಿ ಬಿಡುವುದಾಗಲಿ, ಎರಡನ್ನೂ ಮನಸ್ಸಿರುವವರು ಮಾಡುತ್ತಾರೆ.

2020ರ ಫೆಬ್ರವರಿಯಲ್ಲಿ 40 ದಿನದ ಮಗುವನ್ನು ಮಂಗಳೂರಿನಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಸುಮಾರು ನಾಲ್ಕೂವರೆ ಗಂಟೆಯಲ್ಲಿ ತಲುಪಿಸಿದ್ದು ನಿಮಗೆ ನೆನಪಿರಬಹುದು. ಆಗ ಪೊಲೀಸರ ಜೊತೆ ಊರೂರಿನ ಜನ ರಸ್ತೆಗಿಳಿದು ದಾರಿ ಮಾಡಿಕೊಟ್ಟಿದ್ದರು.

ಕಾನೂನು ಯಾರನ್ನು ಕೇಳುತ್ತದೆ?

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 194ಇ ಕಲಮಿನ ಪ್ರಕಾರ, ಅಗ್ನಿಶಾಮಕ ವಾಹನ ಅಥವಾ ಆಂಬುಲೆನ್ಸ್ ಬಂದಾಗ ಬದಿಗೆ ಸರಿಯದವರಿಗೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಈ ಕಲಮು ‘ವಾಹನ ಚಲಾಯಿಸುವವನ’ ಬಗ್ಗೆ ಮಾತಾಡುತ್ತದೆ. ಚಲಾಯಿಸುವವನೇ ಇಲ್ಲದಿದ್ದರೆ ದಂಡ ಯಾರಿಗೆ? ಮಾಲೀಕರಿಗೋ, ಕಾರು ತಯಾರಿಸಿದವರಿಗೋ, ಸಾಫ್ಟ್‌ವೇರ್ ಬರೆದವರಿಗೋ? ವಿಮೆ ಕಂಪನಿ ಯಾರ ತಪ್ಪೆಂದು ಲೆಕ್ಕ ಹಾಕಬೇಕು?

ಕ್ಯಾಲಿಫೋರ್ನಿಯಾ ಇದಕ್ಕೆ 2024ರಲ್ಲಿ ಹೊಸ ಕಾನೂನು ಮಾಡಿತು. 2026ರ ಜುಲೈನಿಂದ ಪೊಲೀಸರು ತಯಾರಕರಿಗೇ ನೋಟಿಸ್ ಕೊಡಬಹುದು. ತುರ್ತು ಸಿಬ್ಬಂದಿ ಕಾರಿನ ಮೂಲಕವೇ ಕಂಪನಿಯವರೊಡನೆ ಮಾತಾಡುವ ವ್ಯವಸ್ಥೆ ಇರಬೇಕು. ಒಂದು ಪ್ರದೇಶದಿಂದ ದೂರವಿರಿ ಎಂಬ ಆದೇಶ ಬಂದರೆ ಎರಡೇ ನಿಮಿಷದಲ್ಲಿ ಕಾರುಗಳಿಗೆ ಸೂಚನೆ ಹೋಗಬೇಕು.

ಭಾರತದಲ್ಲಿ ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿಯವರು ಚಾಲಕರ ಉದ್ಯೋಗ ಹೋಗುತ್ತದೆ ಎಂಬ ಕಾರಣಕ್ಕೆ 2017ರಲ್ಲೂ 2023ರಲ್ಲೂ ಇಂಥ ಕಾರುಗಳನ್ನು ವಿರೋಧಿಸಿದ್ದಾರೆ. ಅತ್ತ ಬೆಂಗಳೂರಿನ ಮೈನಸ್ ಝೀರೋ ಎಂಬ ಸ್ಟಾರ್ಟಪ್ 2023ರಲ್ಲೇ ‘ಝೀಪಾಡ್’ ಎಂಬ ಸ್ವಯಂಚಾಲಿತ ವಾಹನದ ಮಾದರಿಯನ್ನು ತೋರಿಸಿದೆ. ಚರ್ಚೆ ನಮ್ಮ ರಾಜ್ಯದಲ್ಲೇ ಇದೆ ಎಂದಾಯಿತು. ನನ್ನ ಅಭಿಪ್ರಾಯದಲ್ಲಿ ಕಾರು ರಸ್ತೆಗಿಳಿಯುವ ಮೊದಲೇ ಹೊಣೆ ಯಾರದೆಂದು ಬರೆದಿಡಬೇಕು. ಡಿಕ್ಕಿಯಾದ ಮೇಲೆ ಕಾನೂನು ಹುಡುಕಿದರೆ ನಷ್ಟ ಅನುಭವಿಸುವವನು ರೋಗಿ.

ನಮ್ಮ ಪಾಲಿನ ಕೆಲಸ

ಯಂತ್ರ ಬರುವ ಮೊದಲು ನಾವು ಸರಿಯಾಗಿ ದಾರಿ ಬಿಡುವುದನ್ನು ರೂಢಿಸಿಕೊಳ್ಳೋಣ.

1. ಸೈರನ್ ಕೇಳಿದರೆ ಗಾಬರಿಯಿಂದ ಬ್ರೇಕ್ ಹಾಕಬೇಡಿ. ಇಂಡಿಕೇಟರ್ ಹಾಕಿ, ನಿಧಾನವಾಗಿ ಎಡಕ್ಕೆ ಸರಿದು ನಿಲ್ಲಿ.
2. ಆಂಬುಲೆನ್ಸ್ ಹಿಂದೆಯೇ ಬೈಕ್ ಓಡಿಸಿ ಖಾಲಿ ದಾರಿಯ ಲಾಭ ಪಡೆಯಬೇಡಿ.
3. ಆಂಬುಲೆನ್ಸ್‌ಗೆ 108, ಅಗ್ನಿಶಾಮಕಕ್ಕೆ 101, ಯಾವುದೇ ತುರ್ತಿಗೆ 112 ಎಂಬುದು ಮನೆಯ ಹಿರಿಯರಿಗೂ ಗೊತ್ತಿರಲಿ.
4. ಅಪಘಾತದಲ್ಲಿ ಗಾಯಗೊಂಡವರಿಗೆ ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ಕಾಯ್ದೆಯ 134ಎ ಕಲಮು ರಕ್ಷಣೆ ಕೊಡುತ್ತದೆ. ಹೆದರಿ ದೂರ ನಿಲ್ಲಬೇಡಿ.

ಕೊನೆಗೆ, ವ್ಯವಹಾರ ಪರಿಸರದ ಪಾಠ ಓದುತ್ತಿರುವವರಿಗೆ ಒಂದು ಅಭ್ಯಾಸ: ಮೇಲಿನ ಲೇಖನದಲ್ಲಿ ಐದು ಆಯಾಮಗಳು ಎಲ್ಲೆಲ್ಲಿ ಬಂದಿವೆ ಎಂದು ಗುರುತಿಸಿ, ತರಗತಿಯಲ್ಲಿ ಚರ್ಚಿಸಿ. ‘ದಂಡ ಯಾರಿಗೆ?’ ಎಂಬ ಪ್ರಶ್ನೆಗೆ ನಿಮ್ಮ ಉತ್ತರವನ್ನೂ ಬರೆಯಿರಿ.