ನೆಗೆತದ ಜತೆಗೆ ಕ್ರಿಯಾಟಿನ್

ನೆಗೆತದ ಅಭ್ಯಾಸ ಫುಟ್‌ಬಾಲ್ ಆಟಗಾರ್ತಿಯ ಕಾಲಿಗೆ ಚಿಮ್ಮುವ ಕಸುವು ಕೊಡುತ್ತದೆ. ನೆಲ ಮುಟ್ಟಿದಾಗ ಹಿಗ್ಗಿದ ಸ್ನಾಯು ಮರುಕ್ಷಣವೇ ಕುಗ್ಗಿ ಮೈಯನ್ನು ಮೇಲಕ್ಕೆತ್ತುತ್ತದೆ; ಹೆಡರ್‌ಗೂ ಓಟದ ಮೊದಲ ಹೆಜ್ಜೆಗಳಿಗೂ ಬೇಕಾದದ್ದು ಇದೇ. ಕೆಲವೇ ಸೆಕೆಂಡುಗಳ ಇಂಥ ಶ್ರಮಕ್ಕೆ ಇಂಧನ ಸ್ನಾಯುವಿನ ಫಾಸ್ಫೋಕ್ರಿಯಾಟಿನ್; ಪೂರಕವಾಗಿ ಸೇವಿಸುವ ಕ್ರಿಯಾಟಿನ್ ಪುಡಿ ಅದರ ಸಂಗ್ರಹವನ್ನು ಹೆಚ್ಚಿಸುತ್ತದೆ. ಆಟಗಾರ್ತಿಯರ ಮೇಲೆ ನಡೆದ 6 ವಾರಗಳ ಅಧ್ಯಯನವೊಂದರಲ್ಲಿ, ನೆಗೆತದ ತರಬೇತಿಯೊಂದಿಗೆ ಕ್ರಿಯಾಟಿನ್ ಸೇವಿಸಿದವರ ಜಿಗಿತವೂ ಮತ್ತೆಮತ್ತೆ ಓಡುವ ವೇಗವೂ ಬರೀ ತರಬೇತಿ ಪಡೆದವರಿಗಿಂತ ಹೆಚ್ಚು ಸುಧಾರಿಸಿದವು. ದಿನಕ್ಕೆ 3ರಿಂದ 5 ಗ್ರಾಂ ಸಾಕು. ಸ್ನಾಯು ನೀರು ಹಿಡಿದುಕೊಳ್ಳುವುದರಿಂದ ತೂಕ ತುಸು ಏರಬಹುದು, ಅದು ಕೊಬ್ಬಲ್ಲ.

ಆದರೆ ಪುಡಿಗಿಂತ ಮುಖ್ಯವಾದದ್ದು ಇಳಿಯುವ ರೀತಿ. ಮೊಣಕಾಲಿನ ಎಸಿಎಲ್ ಅಸ್ಥಿರಜ್ಜು ಹರಿಯುವ ಅಪಾಯ ಪುರುಷರಿಗಿಂತ ಮಹಿಳೆಯರಿಗೆ ಹೆಚ್ಚು. ಮುಂಗಾಲಿನ ಮೇಲೆ ಸದ್ದಾಗದಂತೆ ಇಳಿದು, ಮೊಣಕಾಲು ಒಳಕ್ಕೆ ವಾಲದೆ ಪಾದದ ನೇರಕ್ಕೆ ಮಡಚಬೇಕು. ಇದು ರೂಢಿಯಾಗುವ ತನಕ ಎತ್ತರದ ಪೆಟ್ಟಿಗೆಯಿಂದ ನೆಗೆಯುವುದು ಬೇಡವೇ ಬೇಡ. ವಾರಕ್ಕೆ ಎರಡು ದಿನ ನೆಗೆತದ ಅಭ್ಯಾಸ, ನಡುವೆ ಕನಿಷ್ಠ 48 ಗಂಟೆಗಳ ಬಿಡುವು ಸರಿಯಾದ ಕ್ರಮ.

ಮುಟ್ಟಿನ ರಕ್ತಸ್ರಾವದಿಂದ ಕಬ್ಬಿಣಾಂಶ ಕಡಿಮೆಯಾದವರಿಗೆ ಯಾವ ಕ್ರಿಯಾಟಿನ್ನೂ ದಣಿವು ನೀಗಿಸದು. ಮೊದಲು ರಕ್ತಪರೀಕ್ಷೆ ಆಗಲಿ. ಕ್ರಿಯಾಟಿನ್ ನಿಷೇಧಿತ ವಸ್ತುವಲ್ಲ. ಆದರೂ ಕಲಬೆರಕೆ ಡಬ್ಬಿಯಿಂದ ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಹೊಣೆ ಆಟಗಾರ್ತಿಯದೇ. ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಡಬ್ಬಿ ತೆರೆಯಬಾರದು.