ಮಳೆ ನಿಂತರೂ ಹೊಲ ಹಸಿ: ಹೃತ್ಕರ್ಣದ ಕಲೆಯನ್ನು ನೋಡುವುದು ಹೇಗೆ?

ಫಕೀರೇಶ್ವರ ಜಾತ್ರೆಗೆ ಅಂತ ನಾವು ಮೂವರು ಗೆಳೆಯರು ಶಿರಹಟ್ಟಿಗೆ ಹೋಗಿದ್ವಿ. ನಮ್ಮಲ್ಲೊಬ್ಬನ ಅಜ್ಜಿ ಮನೆ ಅಲ್ಲೇ. ಅಜ್ಜಿಗೆ ಏಟ್ರಿಯಲ್ ಫಿಬ್ರಿಲೇಷನ್ ಇರೋದು ಗೊತ್ತಿತ್ತು. ಆದರೆ ರಕ್ತ ಹೆಪ್ಪುಗಟ್ಟದಂತೆ ಕೊಟ್ಟಿದ್ದ ಗುಳಿಗೆಯನ್ನು ಅವರು ತಾವಾಗೇ ಬಿಟ್ಟಿದ್ದು ಅವತ್ತೇ ಗೊತ್ತಾಯ್ತು. ಕೇಳಿದ್ರೆ, "ಎದಿ ಡವಡವ ಅನ್ನೂದು ನಿಂತೈತಲ್ಲೋ ತಮ್ಮಾ, ಇನ್ನ ಗುಳಿಗಿ ಯಾಕ?" ಅಂದ್ರು. ಇಸಿಜಿ ಕೂಡ ನಾರ್ಮಲ್ ಬಂದಿತ್ತಂತೆ. ಡಾಕ್ಟ್ರಿಗೆ ಫೋನ್ ಮಾಡಿಸಿದ್ವಿ; ಗುಳಿಗೆ ಮತ್ತೆ ಶುರು ಮಾಡಿ ಅಂದ್ರು. ಆದರೆ ಅಜ್ಜಿಯ "ಯಾಕ?" ಅನ್ನೋ ಪ್ರಶ್ನೆ ನಮ್ಮ ತಲೆಯಲ್ಲೇ ಉಳೀತು. ಅದಕ್ಕೇ ಈ ಪಾಠ.

ಲಯ ಬೇರೆ, ಗೋಡೆ ಬೇರೆ

ಹೃದಯದ ಮೇಲಿನ ಎರಡು ಕೋಣೆಗಳು ಹೃತ್ಕರ್ಣಗಳು, ಕೆಳಗಿನವು ಹೃತ್ಕುಕ್ಷಿಗಳು. ಈ ಕಾಯಿಲೆಯಲ್ಲಿ ಹೃತ್ಕರ್ಣದ ವಿದ್ಯುತ್ ಸಂಕೇತ ದಿಕ್ಕುತಪ್ಪಿ ಸುತ್ತುತ್ತೆ. ಗೋಡೆ ಬರೀ ಅದುರುತ್ತೆ, ಸರಿಯಾಗಿ ಹಿಂಡಲ್ಲ. ಇಸಿಜಿಯಲ್ಲಿ ಪಿ ಅಲೆ ಕಾಣಲ್ಲ, ನಾಡಿ ತಾಳ ತಪ್ಪುತ್ತೆ. ಎಡ ಹೃತ್ಕರ್ಣಕ್ಕೆ ಅಂಟಿಕೊಂಡ ಕಿವಿಯಂಥ ಚೀಲದಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮೆದುಳಿಗೆ ಹೋದ್ರೆ ಲಕ್ವಾ.

ಇಸಿಜಿ ಹೇಳೋದು ಆ ಕ್ಷಣದ ಲಯವನ್ನು ಮಾತ್ರ. ಗೋಡೆಯ ಸ್ನಾಯು ಎಷ್ಟು ನಾರುಗಟ್ಟಿ ಕಲೆಯಾಗಿದೆ ಅನ್ನೋದನ್ನು ತಿಳಿಯೋಕೆ ಚಿತ್ರ ಬೇಕು.

ಎಕೋ: ಕೆಲಸದ ಲೆಕ್ಕ

ಎಡ ಹೃತ್ಕರ್ಣಕ್ಕೆ ಮೂರು ಕೆಲಸ: ರಕ್ತ ತುಂಬಿಕೊಳ್ಳೋದು, ಕೆಳಗೆ ಹರಿಯೋಕೆ ದಾರಿ ಕೊಡೋದು, ಕೊನೆಗೆ ಹಿಂಡಿ ತಳ್ಳೋದು. ಲಯ ತಪ್ಪಿದಾಗ ಮೂರನೆಯದು ನಿಂತೇ ಹೋಗುತ್ತೆ. ಮೈಟ್ರಲ್ ಕವಾಟದ ಡಾಪ್ಲರ್‌ನಲ್ಲಿ ಇರಬೇಕಾದ ಎರಡು ಅಲೆಗಳ ಪೈಕಿ 'ಎ' ಅಲೆ ಮಾಯ. ಜೊತೆಗೆ 'ಸ್ಟ್ರೇನ್' ಅನ್ನೋ ಅಳತೆ ಇದೆ. ರಕ್ತ ತುಂಬುವಾಗ ಗೋಡೆ ಎಷ್ಟು ಶೇಕಡಾ ಹಿಗ್ಗುತ್ತೆ ಅಂತ ಅದು ಹೇಳುತ್ತೆ. ಆರೋಗ್ಯವಂತರಲ್ಲಿ ಇದು ಸುಮಾರು 40%. ಕಲೆ ಹೆಚ್ಚಿದಷ್ಟೂ ಗೋಡೆ ಬಿರುಸಾಗಿ ಈ ಅಂಕಿ ಇಳಿಯುತ್ತೆ. ನಮ್ಮ ಮೆಕ್ಯಾನಿಕಲ್ ಗೆಳೆಯರಿಗೆ ಇದು ಬೇಗ ಅರ್ಥವಾಗುತ್ತೆ!

ಎಂಆರ್‌ಐ: ಕಲೆಯ ನಕ್ಷೆ

ಗ್ಯಾಡೊಲಿನಿಯಂ ಇರುವ ಔಷಧವನ್ನು ರಕ್ತನಾಳಕ್ಕೆ ಕೊಟ್ಟು, ಹತ್ತು-ಇಪ್ಪತ್ತು ನಿಮಿಷ ಕಾದು ಚಿತ್ರ ತೆಗೀತಾರೆ. ಯಾಕೆ ಕಾಯಬೇಕು? ಶಿರಹಟ್ಟಿ ಕಡೆಯವರಿಗೆ ಇದು ಹೊಸದಲ್ಲ. ಮಳೆ ನಿಂತ ಮೇಲೆ ಮಸಾರಿ ಹೊಲ ಬೇಗ ಆರುತ್ತೆ, ಎರೆ ಹೊಲ ಹಸಿಯಾಗೇ ಉಳಿಯುತ್ತೆ. ಹಾಗೇ ಒಳ್ಳೇ ಸ್ನಾಯುವಿನಿಂದ ಔಷಧ ಬೇಗ ತೊಳೆದುಹೋಗುತ್ತೆ. ಕಲೆಯಾದ ಕಡೆ ಜೀವಕೋಶಗಳ ನಡುವೆ ಜಾಗ ಹೆಚ್ಚು, ಹಾಗಾಗಿ ಅಲ್ಲಿ ತಡವಾಗಿ ಖಾಲಿಯಾಗುತ್ತೆ. ಆ ಭಾಗ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತೆ.

ಹೇಳೋದು ಸುಲಭ, ಮಾಡೋದು ಕಷ್ಟ. ಗೋಡೆಯ ದಪ್ಪ 2-3 ಮಿ.ಮೀ., ಒಂದು ಪಿಕ್ಸೆಲ್ ಸುಮಾರು 1.25 ಮಿ.ಮೀ. ಅಂದ್ರೆ ಇಡೀ ಗೋಡೆಗೆ ಸಿಗೋದು ಎರಡೇ ಪಿಕ್ಸೆಲ್! ಅದೂ ಹೃದಯ ಬಡೀತಾ, ಎದೆ ಉಸಿರಾಡ್ತಾ ಇರುವಾಗ. ಲಯ ತಪ್ಪಿದ್ರೆ ಬಡಿತಕ್ಕೆ ಹೊಂದಿಸಿ ಚಿತ್ರ ತೆಗೆಯೋದೂ ತೊಡಕು.

ಕಂಡದ್ದೆಲ್ಲ ಸುಟ್ಟರೆ ಆಯ್ತಾ?

2014ರಲ್ಲಿ ಬಂದ ಡಿಕಾಫ್ ಅಧ್ಯಯನ, ಕಲೆ ಹೆಚ್ಚಿದ್ದವರಲ್ಲಿ ಅಬ್ಲೇಷನ್ ಆದ ಮೇಲೂ ಕಾಯಿಲೆ ಮರಳೋದು ಹೆಚ್ಚು ಅಂತ ತೋರಿಸ್ತು. ಅದರಲ್ಲಿ ಕಲೆಯನ್ನು ನಾಲ್ಕು ಹಂತ ಮಾಡಿದ್ರು: 10%ಕ್ಕಿಂತ ಕಡಿಮೆ ಮೊದಲನೆಯದು, 30% ಮತ್ತು ಮೇಲೆ ನಾಲ್ಕನೆಯದು. ಹಾಗಾದ್ರೆ ಎಂಆರ್‌ಐ ನೋಡಿ ಕಲೆಯನ್ನೇ ಗುರಿಯಿಟ್ಟು ಸುಟ್ಟರೆ? 2022ರ ಡಿಕಾಫ್-2 ಅದನ್ನೇ ಪರೀಕ್ಷಿಸಿತು. ಮಾಮೂಲಿ ಅಬ್ಲೇಷನ್‌ಗಿಂತ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಎಂಜಿನಿಯರ್ ಆಗಲಿರುವ ನಮಗೆ ಇಲ್ಲೊಂದು ಪಾಠ: ಅಳೆಯೋಕೆ ಬಂತು ಅಂದ ಮಾತ್ರಕ್ಕೆ ರಿಪೇರಿ ಬಂತು ಅಂತಲ್ಲ.

ಅಜ್ಜಿಗೆ ಉತ್ತರ

ಲಯ ಸರಿಹೋದ ಮೇಲೂ ಗೋಡೆಯ ಕಲೆ ಉಳಿದಿರಬಹುದು, ಹಿಂಡುವ ಶಕ್ತಿ ಕಡಿಮೆಯೇ ಇರಬಹುದು, ರಕ್ತ ನಿಲ್ಲಬಹುದು. ಲಯ ಮತ್ತೆ ಸದ್ದಿಲ್ಲದೆ ತಪ್ಪಲೂಬಹುದು. ಅದಕ್ಕೇ ಆ ಗುಳಿಗೆ ಬೇಕೋ ಬೇಡವೋ ಅಂತ ಡಾಕ್ಟ್ರು ತೀರ್ಮಾನಿಸೋದು ವಯಸ್ಸು, ಬಿಪಿ, ಶುಗರ್, ಹಿಂದೆ ಲಕ್ವಾ ಆಗಿತ್ತಾ ಅನ್ನೋದನ್ನೆಲ್ಲ ನೋಡಿ. ಒಂದು ದಿನದ ಇಸಿಜಿ ನೋಡಿ ಅಲ್ಲ.

ಫೋನಲ್ಲಿ ಅಜ್ಜಿಗೆ ಇಷ್ಟೇ ಹೇಳಿದ್ವಿ: "ಅಜ್ಜಿ, ಮಳಿ ನಿಂತೈತಿ, ಹೊಲ ಇನ್ನೂ ಹಸಿ ಐತಿ."

"ಹಿಂಗ ಹೇಳಿದ್ರ ತಿಳೀತೈತಿ ನೋಡು. ಇಂಗ್ಲಿಷಿನ್ಯಾಗ ಹೇಳಿದ್ರ ಏನ್ ತಿಳೀಬೇಕು?" ಅಂದ್ರು.

ನೀವೂ ಮುಂದಿನ ಸಲ ಊರಿಗೆ ಹೋದಾಗ ಮನೆಯ ಹಿರಿಯರ ಮಣಿಕಟ್ಟು ಹಿಡಿದು ಒಂದು ನಿಮಿಷ ನಾಡಿ ನೋಡಿ. ತಾಳ ತಪ್ಪಿದೆ ಅನಿಸಿದ್ರೆ ಇಸಿಜಿ ಮಾಡಿಸಿ. ಅವರ ಗುಳಿಗೆ ಡಬ್ಬಿಯನ್ನೂ ಒಮ್ಮೆ ತೆರೆದು ನೋಡಿ.