ದೂರದಲ್ಲಿರುವವರಿಗೂ ಒಂದು ಕೋರ್ಸ್: ಪ್ರಸ್ತಾವನೆ ಬರೆಯುವ ಮುನ್ನ

ಕಳೆದ ವರ್ಷ ನಮ್ಮ ಬಳಗದವರು ಕನ್ನಡ ಮೇಡಂ ಜೊತೆ ಕೂತು ಒಂದು ಕೋರ್ಸ್ ಪ್ರಸ್ತಾವನೆ ಸಿದ್ಧ ಮಾಡಿದೆವು. ಹೆಸರು ‘ಕನ್ನಡದಲ್ಲಿ ತಾಂತ್ರಿಕ ಬರವಣಿಗೆ’, 1 ಕ್ರೆಡಿಟ್. ಪಂಪ್‌ಸೆಟ್ ಕೈಪಿಡಿ, ಕಾರ್ಖಾನೆಯ ಸುರಕ್ಷತಾ ಸೂಚನೆ, ಗ್ರಾಮ ಪಂಚಾಯಿತಿಗೆ ಕೊಡುವ ವರದಿ, ಇಂಥವನ್ನು ಓದಿದವರಿಗೆ ಅರ್ಥ ಆಗೋ ಹಾಗೆ ಬರೆಯಲು ಕಲಿಸುವ ಕೋರ್ಸ್. ಇದು ಬೇಕು ಅಂತ ಹೆಚ್ಚು ಕೇಳಿದವರು ಕೊನೆಯ ಸೆಮಿಸ್ಟರ್‌ನವರು. ಆದರೆ ಅವರು ಕ್ಯಾಂಪಸ್ಸಿನಲ್ಲೇ ಇರಲ್ಲ. ಒಬ್ಬರ ಇಂಟರ್ನ್‌ಶಿಪ್ ಪೀಣ್ಯದಲ್ಲಿ, ಇನ್ನೊಬ್ಬರದು ತೋರಣಗಲ್ಲಿನಲ್ಲಿ. ಹಾಗಾಗಿ ಕೊನೆಗೆ ಒಂದು ಸಾಲು ಸೇರಿಸಿದೆವು: ‘ದೂರಶಿಕ್ಷಣದ ಆಯ್ಕೆ ಇದೆ; ತಲಾ 20 ನಿಮಿಷದ 10 ವಿಡಿಯೊ ಕೊಡಲಾಗುವುದು.’

ಆ ಒಂದು ಸಾಲಿನಿಂದಲೇ ಬೋರ್ಡ್ ಆಫ್ ಸ್ಟಡೀಸ್ ಸಭೆಯಿಂದ ಪ್ರಸ್ತಾವನೆ ವಾಪಸ್ ಬಂತು.

ಹಿರಿಯ ಸದಸ್ಯರೊಬ್ಬರು ಕೇಳಿದ ಪ್ರಶ್ನೆ ಬಹಳ ಸರಳ. ‘ಏನ್ರಪ್ಪಾ, ವಾರಕ್ಕೆ ಒಂದು ಗಂಟೆ ಅಂದ್ರೂ 15 ವಾರಕ್ಕೆ 15 ಗಂಟೆ ಪಾಠ. ನಿಮ್ಮ ವಿಡಿಯೊ ಎಲ್ಲಾ ಸೇರಿ 3 ಗಂಟೆ 20 ನಿಮಿಷ. ಉಳಿದ 11 ಗಂಟೆ 40 ನಿಮಿಷ ಎಲ್ಲಿ ಹೋಯ್ತು?’ ಲೆಕ್ಕದಲ್ಲಿ ನಾವು ಎಂಜಿನಿಯರಿಂಗ್ ಹುಡುಗರು! ತಲೆ ತಗ್ಗಿಸಿಕೊಂಡು ಬಂದೆವು.

‘ದೂರಶಿಕ್ಷಣ’ ಅನ್ನೋ ಪದದಿಂದಲೂ ಗಲಿಬಿಲಿ ಆಗಿತ್ತು. ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ಅನುಮತಿ ಇಲ್ಲದೆ ದೂರಶಿಕ್ಷಣದಲ್ಲಿ ಕೊಟ್ಟ ಎಂಜಿನಿಯರಿಂಗ್ ಪದವಿಗಳ ವಿರುದ್ಧ 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಅದಕ್ಕೇ ಆ ಪದ ಕಂಡರೆ ಸಭೆಯವರಿಗೆ ಆತಂಕ. ಪದವಿಯನ್ನೇ ದೂರದಿಂದ ಕೊಡೋದು ಬೇರೆ, ಪದವಿಯೊಳಗಿನ ಒಂದು ಕೋರ್ಸನ್ನು ದೂರದಿಂದ ಕಲಿಯಲು ಬಿಡೋದು ಬೇರೆ. ಎರಡನೆಯದಕ್ಕೆ ದಾರಿ ಇದೆ. ‘ಸ್ವಯಂ’ ಕೋರ್ಸುಗಳಿಗೆ ಯುಜಿಸಿಯ 2021ರ ನಿಯಮದಲ್ಲಿ ಒಂದು ಸೆಮಿಸ್ಟರ್‌ನ ಶೇ. 40ರವರೆಗೆ ಅವಕಾಶವಿದೆ. ನಮ್ಮದು ಎರಡನೆಯದು ಅಂತ ಮೊದಲ ಪುಟದಲ್ಲೇ ಬರೆದೆವು. ನೀವೂ ಹಾಗೇ ಮಾಡಿ.

ಆಮೇಲೆ ಗಂಟೆಗಳ ಲೆಕ್ಕ. ‘ಸ್ವಯಂ’ನಲ್ಲೂ ವಿಡಿಯೊ ಅನ್ನೋದು ನಾಲ್ಕರಲ್ಲಿ ಒಂದು ಭಾಗ ಮಾತ್ರ, ಓದುವ ಸಾಮಗ್ರಿ, ಚರ್ಚೆ, ಮೌಲ್ಯಮಾಪನ ಉಳಿದ ಮೂರು. ಮೈಸೂರು ವಿಶ್ವವಿದ್ಯಾಲಯದ ಅಂಚೆ ತೆರಪಿನ ಶಿಕ್ಷಣದ ಕಾಲದಲ್ಲಿ ಪಾಠ ಅಚ್ಚಾಗಿ ಮನೆಗೆ ಬರುತ್ತಿತ್ತು. ಆಗ ನೆಟ್‌ವರ್ಕ್ ಎಲ್ಲಿತ್ತು? ಅದನ್ನು ನೆನೆದು ನಾವು ವಿಡಿಯೊ ಪೂರ್ತಿ ಕೈಬಿಟ್ಟೆವು. ವಾರಕ್ಕೆ 10 ನಿಮಿಷದ ಆಡಿಯೊ, 15 ನಿಮಿಷದ ಓದು, 35 ನಿಮಿಷದ ಬರವಣಿಗೆ. ಕಾಗದದ ಮೇಲೆ ಬರೆದು ಫೋಟೊ ಕಳಿಸಿದರೂ ನಡೆಯುತ್ತೆ. ಶಿಫ್ಟ್ ಮುಗಿಸಿ ರೂಮಿಗೆ ಬಂದವನ ಫೋನಿನಲ್ಲಿ ಆ ದಿನದ ಡೇಟಾ ಖಾಲಿಯಾಗಿದ್ದರೂ, ಒಮ್ಮೆ ಇಳಿಸಿಕೊಂಡ ಪಾಠ ಅವನ ಬಳಿ ಇರಬೇಕು ಅನ್ನೋದು ನಮ್ಮ ಲೆಕ್ಕ.

ನಮಗೆ ಹೊಳೆಯದೇ ಇದ್ದದ್ದು ಮೇಡಂ ಶ್ರಮ. 24 ಜನ, ಒಬ್ಬೊಬ್ಬರ ಬರಹ ತಿದ್ದೋಕೆ 10 ನಿಮಿಷ, ಅಲ್ಲಿಗೆ ವಾರಕ್ಕೆ 4 ಗಂಟೆ. ತರಗತಿಯಲ್ಲಾದರೆ ಒಂದೇ ಗಂಟೆಯಲ್ಲಿ ಪಾಠ ಮುಗಿಯುತ್ತಿತ್ತು! ‘ನನ್ನ ಭಾನುವಾರಾನೂ ಪ್ರಸ್ತಾವನೇಲಿ ಬರೆದುಬಿಡಿ’ ಅಂತ ಮೇಡಂ ನಕ್ಕರು. ನಗುವ ವಿಷಯ ಅಲ್ಲ ಅದು. ತಿದ್ದುವ ಕೆಲಸ ಕಾರ್ಯಭಾರದ ಲೆಕ್ಕಕ್ಕೆ ಬರದಿದ್ದರೆ ಎರಡನೇ ತಿಂಗಳಿಗೆ ಅದು ನಿಂತುಹೋಗುತ್ತೆ, ದೂರದಲ್ಲಿರುವವನು ಗೋಡೆಗೆ ಬರೆದು ಕಳಿಸಿದ ಹಾಗೆ. ಹಾಗಾಗಿ ಮೇಡಂ ತಿದ್ದುವುದು 5 ಬರಹ ಮಾತ್ರ, ಸೆಮಿಸ್ಟರ್‌ಗೆ 20 ಗಂಟೆ. ಅದನ್ನು ಕಾರ್ಯಭಾರದ ಕಾಲಮ್ಮಿನಲ್ಲೇ ತೋರಿಸಿದೆವು. ಉಳಿದ ವಾರಗಳಲ್ಲಿ ಇಬ್ಬಿಬ್ಬರು ಬರಹ ಬದಲಾಯಿಸಿಕೊಂಡು ಓದಬೇಕು. ಬರಹ ತಲುಪಿದ 7 ದಿನದೊಳಗೆ ಉತ್ತರ ಅಂತಲೂ ನಮೂದಿಸಿದೆವು. ಸೀಟು 24ಕ್ಕೆ ನಿಲ್ಲಿಸಿದ್ದೂ ಇದಕ್ಕೇ.

ಪರೀಕ್ಷೆಯ ವಿಷಯದಲ್ಲಿ ಸಭೆ ಬಗ್ಗಲಿಲ್ಲ, ನಾವೂ ವಾದಿಸಲಿಲ್ಲ. ತರಗತಿಯವರಿಗೂ ದೂರದವರಿಗೂ ಒಂದೇ ಪ್ರಶ್ನೆಪತ್ರಿಕೆ, ಕಾಲೇಜಿನಲ್ಲೇ. ಪ್ರಾಜೆಕ್ಟ್ ವೈವಾಗೆ ಎಲ್ಲರೂ ಬರುವ ವಾರದಲ್ಲೇ ಅದನ್ನು ಇಟ್ಟಿದ್ದರಿಂದ ಎರಡು ಸಲ ಬಸ್ ಚಾರ್ಜ್ ಕೊಡೋದು ತಪ್ಪಿತು.

ಎರಡನೇ ಸಲ ಕೇಳಿದ್ದು ಒಂದೇ ಪ್ರಶ್ನೆ: ಇಂಟರ್ನ್‌ಶಿಪ್ ನಡುವೆ ಬಿಟ್ಟು ವಾಪಸ್ ಬಂದವನ ಕತೆ ಏನು? ಎರಡೂ ಕಡೆ ವಾರದ ಪಾಠ ಒಂದೇ ಆಗಿರೋದರಿಂದ ಅವನು ಮುಂದಿನ ವಾರ ನೇರವಾಗಿ ತರಗತಿಗೆ ಬಂದು ಕೂರಬಹುದು ಅಂದೆವು. ಆ ಹಿರಿಯ ಸದಸ್ಯರು ಟೇಬಲ್ ನೋಡಿ, ಕೂಡಿ, ತಲೆಯಾಡಿಸಿದರು. ಒಂದು ಸೆಮಿಸ್ಟರ್‌ಗೆ ಪ್ರಾಯೋಗಿಕವಾಗಿ ಒಪ್ಪಿಗೆ ಸಿಕ್ಕಿದೆ. 24ರಲ್ಲಿ 19 ಸೀಟು ತುಂಬಿವೆ, ಹೆಸರು ಕೊಡುವವರು ಮೇಡಂ ಅವರನ್ನು ಕಾಣಬಹುದು.